ಮಾಗಿಯ ಇರುಳಿನ ಪ್ರಯಾಣ

ನಮ್ಮ ಸಿಂಧನೂರು, ಮಸ್ಕಿ, ಲಿಂಗಸಗೂರು ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಆದುದರಿಂದ ಮಾಗಿಯ ಪ್ರಯಾಣವು ನಿರಪಾಯವೆಂದು ಅನೇಕ ಗೃಹಸ್ಥರು ಭಾವಿಸುವರು. ಇದು ಭ್ರಾಂತಿ.

2025ನೆಯ ಜನವರಿ 21ರ ರಾತ್ರಿ, ನರಹರಿತೀರ್ಥರ ಆರಾಧನೆಗಾಗಿ ಆನೆಗೊಂದಿಯ ಕಡೆಗೆ ಹೊರಟಿದ್ದ ಮಂತ್ರಾಲಯದ ಸಂಸ್ಕೃತ ವಿದ್ಯಾರ್ಥಿಗಳ ವಾಹನವು ಸಿಂಧನೂರಿನ ಬಳಿ ಮಗುಚಿ, ಮೂವರು ವಿದ್ಯಾರ್ಥಿಗಳೂ ಚಾಲಕನೂ ಮೃತರಾದರು. ದೋಷವನ್ನು ಯಾರ ಮೇಲೂ ಹೊರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಂತಹ ಎಳೆಯರಿಗೆ ಶಬ್ದರೂಪಗಳನ್ನು ಕಲಿಸಿ ಮುಪ್ಪಾದ ನಮಗೆ, ಇರುಳ ಪ್ರಯಾಣದ ಮಾತೆತ್ತಿದರೆ ಎದೆ ನಡುಗುವುದು.

ಕಾಲುವೆಯ ಬಯಲಿನಲ್ಲಿ ಬೆಳಗಿನ ಜಾವ ಮಂಜು ಕವಿಯುವುದುಂಟು. ಹುಲ್ಲು ಹೇರಿದ ಟ್ರ್ಯಾಕ್ಟರು ಹಿಂದೀಪವಿಲ್ಲದೆ ದಾರಿಯಲ್ಲಿ ನಿಂತಿರುವುದೂ ಉಂಟು. ತಾಸಿಗೆ 60 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರು ಓಡುವುದು. 30 ಮೀಟರಿನಾಚೆ ಕಾಣದಿದ್ದರೆ, ಅಡ್ಡಿಯನ್ನು ಕಂಡು ನಿಲ್ಲಿಸಲು ಎರಡು ಸೆಕೆಂಡೂ ದೊರೆಯದು. ಆದುದರಿಂದ ವೇಗವನ್ನು ಕುಗ್ಗಿಸಬೇಕು, ದೀಪವನ್ನು ತಗ್ಗಿಸಬೇಕು. ಎತ್ತಿದ ದೀಪವು ಮಂಜಿನಿಂದ ಪ್ರತಿಫಲಿಸಿ ಚಾಲಕನ ಕಣ್ಣನ್ನೇ ಕುಕ್ಕುವುದು. ತೂಕಡಿಕೆ ಬಂದರೆ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಮಲಗುವುದು ಲೇಸು.

ಅಪಘಾತವನ್ನು ಕಂಡವರು ಪೊಲೀಸರ ಭಯದಿಂದ ಮುಖ ತಿರುಗಿಸಬಾರದು. ಒಡನೆಯೇ 108ಕ್ಕೆ ತಿಳಿಸಿ. ರಕ್ತ ಸುರಿವ ಗಾಯವನ್ನು ಶುಭ್ರವಸ್ತ್ರದಿಂದ ಒತ್ತಿ ಹಿಡಿಯಿರಿ. ಬೆಂಕಿಯಂತಹ ಅಪಾಯವಿಲ್ಲದಿದ್ದರೆ ಗಾಯಾಳುವಿನ ಕತ್ತನ್ನು ಅಲುಗಿಸದಿರಿ. ಸದ್ಭಾವದಿಂದ ನೆರವಾದವನಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ರಕ್ಷಣೆಯುಂಟು.

ಮದುವೆಗೆ ಮುಹೂರ್ತವನ್ನು ಪಂಚಾಂಗದಲ್ಲಿ ನೋಡುವ ಗೃಹಸ್ಥರೇ, ಹೊರಡುವ ಮುಹೂರ್ತವನ್ನು ಮಾತ್ರ ಸೂರ್ಯೋದಯದಲ್ಲಿ ನೋಡಿರಿ. ತಡವಾಗಿ ತಲಪಿದವನಿಗೆ ಊಟ ತಣ್ಣಗಾದೀತು, ಅಷ್ಟೆ.