ಲಾಗ ಬಾರದ ತಂಡ

ಈ ಸಲದ ಯುವಜನೋತ್ಸವದಿಂದ ನಮ್ಮ ಕಂಸಾಳೆ ತಂಡ ಬಹುಮಾನವಿಲ್ಲದೆ ಹಿಂದಿರುಗಿತೆಂಬುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನೃತ್ಯ ಸಂಯೋಜನೆ ನನ್ನದೆಂಬುದೂ ಗೊತ್ತಿರುವುದರಿಂದ, ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದು ಕುಳಿತರೆ ಸಾಕು, ಯಾರಾದರೊಬ್ಬರು ಬಂದು, "ಲಾಗವಿಲ್ಲದ ಕಂಸಾಳೆ ಉಪ್ಪಿಲ್ಲದ ಸಾರು ಕಣಯ್ಯ" ಎಂದು ಹೇಳಿ ಹೋಗುತ್ತಾರೆ. ಅಧ್ಯಾಪಕರೊಬ್ಬರು ಇನ್ನೂ ನಯವಾಗಿ, ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗ ನನ್ನ ಬೆಂಚಿನ ಕಡೆಗೆ ನೋಡಿದರು. ಇವರಿಗೆಲ್ಲ ಒಬ್ಬೊಬ್ಬರಾಗಿ ಉತ್ತರ ಹೇಳುವಷ್ಟು ಗಂಟಲು ನನಗಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಸೋತವನ ಸಮಜಾಯಿಷಿ ಎಂದು ಕರೆಯುವವರು ಧಾರಾಳವಾಗಿ ಕರೆಯಲಿ.

ಮೊದಲು ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ಲಾಗ ಕಂಡರೆ ನನಗೂ ಆಸೆಯೆ. ಮನುಷ್ಯ ನೆಲ ಬಿಟ್ಟು, ಗಾಳಿಯಲ್ಲಿ ಒಂದು ಸುತ್ತು ಮಗುಚಿ, ಮತ್ತೆ ಎರಡು ಕಾಲ ಮೇಲೆ ನಿಂತಾಗ ಚಪ್ಪಾಳೆ ತಟ್ಟದವನ ಎದೆಯಲ್ಲಿ ಏನೋ ಕಡಮೆಯಿದೆ ಎಂದೇ ನನ್ನ ನಂಬಿಕೆ. ಪ್ರಶ್ನೆ ಅದಲ್ಲ. ಹತ್ತು ಮಂದಿಯ ತಂಡದಲ್ಲಿ ಲಾಗ ಬಲ್ಲವರು ಇಬ್ಬರೇ ಇದ್ದಾಗ ಉಳಿದ ಎಂಟು ಮಂದಿಯನ್ನು ಏನು ಮಾಡಬೇಕು ಎಂಬುದು ಪ್ರಶ್ನೆ.

ಹೋದ ವರ್ಷ ಇದಕ್ಕೆ ಕಂಡುಕೊಂಡ ಉತ್ತರ, ಎಂಟು ಮಂದಿಗೂ ಮೂರು ವಾರದಲ್ಲಿ ಲಾಗ ಕಲಿಸಿಬಿಡುವುದು. ಸಭಾಂಗಣದ ಕಲ್ಲುಹಾಸಿನ ಮೇಲೆ ಎರಡು ಜಮಖಾನ ಹಾಸಿ ಅಭ್ಯಾಸ ನಡೆಯಿತು. ಹನ್ನೊಂದನೆಯ ದಿನ ನನ್ನ ಗೆಳೆಯನೊಬ್ಬ ಹಿಂದಕ್ಕೆ ಲಾಗ ಹಾಕಲು ಹೋಗಿ ಬಲಗೈ ಊರಿ ಬಿದ್ದ. ಮಣಿಕಟ್ಟಿನ ಮೂಳೆ ಮುರಿದಿತ್ತು. ಪರೀಕ್ಷೆಗೆ ಬರಹಗಾರನನ್ನು ಕೊಟ್ಟರು, ಅದು ಹೇಗೋ ಕಳೆಯಿತು. ಆದರೆ ಅವನು ರಜೆಯಲ್ಲಿ ಕಬ್ಬು ಕಡಿಯುವ ಕೂಲಿಗೆ ಹೋಗಿ ಮುಂದಿನ ವರ್ಷದ ಶುಲ್ಕಕ್ಕೆ ದಾರಿ ಮಾಡಿಕೊಳ್ಳುವವನು. ಆ ರಜೆ ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತಿದ್ದ. ಉಳಿದವರು ಹೆದರಿಕೊಂಡೇ ಹೋಗಿ ಹೆದರಿಕೊಂಡೇ ಲಾಗ ಹಾಕಿ ಬಂದರು. ಬಹುಮಾನ ಆಗಲೂ ಬಂದಿರಲಿಲ್ಲ. ಅದನ್ನು ಕ್ಯಾಂಟೀನಿನಲ್ಲಿ ಯಾರೂ ನೆನೆಸುವುದಿಲ್ಲ.

ಈ ವರ್ಷ ಕೆಲಸ ನನ್ನ ಪಾಲಿಗೆ ಬಂದಾಗ, ನಮ್ಮೂರಿನ ಮೇಳದಲ್ಲಿ ಕಂಸಾಳೆ ಹಿಡಿಯುವ ನನ್ನ ಸೋದರಮಾವನನ್ನು ಮೂರು ದಿನದ ಮಟ್ಟಿಗೆ ಕರೆದು ತಂದೆ. ಹೋದ ವರ್ಷದ ಪ್ರದರ್ಶನವನ್ನು ಮೊಬೈಲಿನಲ್ಲಿ ತೋರಿಸಿದೆ. ಕೊನೆಯವರೆಗೆ ಸುಮ್ಮನೆ ನೋಡಿ, "ಅಳಿಯ, ತಾಳ ನಿಲ್ಸಿ ಲಾಗ ಹಾಕೋದಾದ್ರೆ ಕೈಲಿ ಕಂಸಾಳೆ ಯಾಕೆ?" ಎಂದರು.

ಆ ಮಾತು ನನ್ನನ್ನು ಹಿಡಿದು ಕೂರಿಸಿತು. ಕಂಸಾಳೆ ಎಂಬುದು ಮೊದಲು ವಾದ್ಯ, ಆಮೇಲೆ ಕುಣಿತ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಮಲೆ ಮಹದೇಶ್ವರನ ಗುಡ್ಡರು ಕುಳಿತು ಕಥೆ ಹಾಡುವಾಗಲೂ ಅದೇ, ಬೀಸು ಕಂಸಾಳೆಯಲ್ಲಿ ಎದ್ದು ಕುಣಿಯುವಾಗಲೂ ಅದೇ. ಬಲಗೈಯ ತಾಳವನ್ನು ಬೀಸಿ, ತಲೆಯ ಸುತ್ತ ತಂದು, ಬೆನ್ನ ಹಿಂದೆ ತಂದು, ಕಾಲ ಕೆಳಗೆ ತಂದು, ಪಕ್ಕದವನ ಬಟ್ಟಲಿಗೂ ಬಡಿದು, ಏಟು ತಪ್ಪದಂತೆ ಹಿಂದಿರುಗಿಸುವುದೇ ಅದರ ಸಾಹಸ. ಎರಡು ಕೈಯಲ್ಲೂ ಕಂಚು ಹಿಡಿದವನು ಲಾಗಕ್ಕೆ ಕೈಯೂರುವುದೆಲ್ಲಿ? ಕೈಯೂರದೆ ಮಗುಚಬಲ್ಲವರು ಎಷ್ಟು ಮಂದಿ? ಆದ್ದರಿಂದ ಲಾಗ ಹಾಕುವವನು ತಾಳ ಕೆಳಗಿಡಬೇಕು, ಇಲ್ಲವೆ ಅಂಗೈಗೆ ಸುತ್ತಿ ಅಮುಕಿ ಹಿಡಿಯಬೇಕು. ಒಬ್ಬ ಮಗುಚಿದರೆ ಒಂದು ಜೋಡಿ ಮೂಕ. ಹೋದ ವರ್ಷ ಹತ್ತೂ ಮಂದಿ ಮಗುಚಿದ ಅರ್ಧ ನಿಮಿಷ ವೇದಿಕೆಯ ಮೇಲೆ ಒಂದು ಕಂಸಾಳೆಯೂ ನುಡಿಯಲಿಲ್ಲ. ಚಪ್ಪಾಳೆಯ ಸದ್ದಿನಲ್ಲಿ ಅದು ನಮಗೆ ಕೇಳಿಸಿರಲಿಲ್ಲ, ಅಷ್ಟೆ.

ನಿಯಮಗಳನ್ನು ತೆಗೆದು ನೋಡಿದೆ. ಅಂತರ ವಿಶ್ವವಿದ್ಯಾನಿಲಯ ಯುವಜನೋತ್ಸವ ನಮ್ಮ ದೇಶದಲ್ಲಿ 1954ರಲ್ಲಿ ದೆಹಲಿಯ ತಾಲ್ಕಟೋರಾ ಉದ್ಯಾನದಲ್ಲಿ ಮೊದಲಾದದ್ದು. ಈಗ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘದ ನಿಯಮಾವಳಿಯಂತೆ ನಡೆಯುತ್ತದೆ. ಜನಪದ ನೃತ್ಯಕ್ಕೆ ಹತ್ತು ಮಂದಿ, ಹಿಮ್ಮೇಳಕ್ಕೆ ಐದು ಮಂದಿ, ಹತ್ತು ನಿಮಿಷ ಮೀರಬಾರದು. ತೀರ್ಪುಗಾರರು ನೋಡಬೇಕಾದದ್ದು ಲಯ, ರಚನೆ, ಭಾವಾಭಿವ್ಯಕ್ತಿ, ವೇಷಭೂಷಣ, ಪ್ರಸಾಧನ, ರಂಗಸಜ್ಜು, ಒಟ್ಟು ಪರಿಣಾಮ. ಲಾಗವೆಂಬ ಪದ ಆ ಪಟ್ಟಿಯಲ್ಲಿಲ್ಲ! ಅದು ಒಟ್ಟು ಪರಿಣಾಮದೊಳಗೆ ಅಡಗಿದೆ ಎಂದು ವಾದಿಸಬಹುದು. ಅಡಗಿರಲಿ, ಆದರೆ ಲಯಕ್ಕೆ ಬೇರೆಯೇ ಸ್ಥಾನವಿದೆ, ಅದೂ ಮೊದಲನೆಯ ಸ್ಥಾನ.

ಲಾಗಕ್ಕೆ ನಿಜವಾಗಿಯೂ ಅಂಕ ಕೊಡುವ ಸ್ಪರ್ಧೆ ಜಗತ್ತಿನಲ್ಲಿ ಇಲ್ಲದಿಲ್ಲ. ಅಮೆರಿಕದ ಚಿಯರ್‌ಲೀಡಿಂಗ್ ಅಂಥದು. ಆ ಹೆಸರು ಕೇಳಿದೊಡನೆ ನಮ್ಮವರಿಗೆ ನೆನಪಾಗುವುದು 2008ರಲ್ಲಿ ಐಪಿಎಲ್ ಕ್ರಿಕೆಟ್ ಆರಂಭವಾದಾಗ ವಾಷಿಂಗ್ಟನ್ನಿನಿಂದ ಬೆಂಗಳೂರಿಗೆ ಬಂದ ನರ್ತಕಿಯರು, ಮತ್ತು ಆಗ ಎದ್ದ ಗದ್ದಲ. ನಾನು ಹೇಳುತ್ತಿರುವುದು ಅದಲ್ಲ. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಪಂದ್ಯದಲ್ಲಿ ವಿದ್ಯಾರ್ಥಿಯೊಬ್ಬ ಮುಂದೆ ನಿಂತು ಜನರಿಂದ ಒಟ್ಟಿಗೆ ಘೋಷ ಹಾಕಿಸಿದ್ದರಿಂದ ಹುಟ್ಟಿ, ಈಗ ತಾನೇ ಒಂದು ಆಟವಾಗಿ ಬೆಳೆದು, 2021ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮನ್ನಣೆ ಪಡೆದಿರುವ ಸ್ಪರ್ಧೆ. ಅಲ್ಲಿ ಎರಡೂವರೆ ನಿಮಿಷದಲ್ಲಿ ಲಾಗ, ಹುಡುಗಿಯರನ್ನು ಮೇಲೆತ್ತಿ ನಿಲ್ಲಿಸುವುದು, ಗೋಪುರ, ನೆಗೆತ, ನೃತ್ಯ ಎಲ್ಲವೂ ಆಗಬೇಕು. ಆದರೂ ಅಲ್ಲಿನವರು ಮಾಡಿಕೊಂಡಿರುವ ಏರ್ಪಾಡು ನೋಡಿ. ತಂಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದ್ದಾರೆ. ಮೊದಲ ಮೆಟ್ಟಿಲಿನ ತಂಡ ನೆಲದ ಮೇಲೆ ಉರುಳಬಹುದು, ಗಾಡಿಯ ಚಕ್ರದಂತೆ ಕೈ ಮೇಲೆ ತಿರುಗಬಹುದು. ಗಾಳಿಯಲ್ಲಿ ಮಗುಚಿದರೆ ಅಂಕ ಬರುವುದಿರಲಿ, ಇದ್ದ ಅಂಕವೂ ಹೋಗುತ್ತದೆ. ಒಂದು ಸಾಹಸವನ್ನು ತಂಡದಲ್ಲಿ ಎಷ್ಟು ಮಂದಿ ಕೂಡಿ ಮಾಡಿದರೆಂಬುದನ್ನೂ ಎಣಿಸುತ್ತಾರೆ. ಇಷ್ಟಾಗಿಯೂ ಅವರು ಕುಣಿಯುವುದು 54 ಅಡಿ ಉದ್ದ 42 ಅಡಿ ಅಗಲದ ಮೆತ್ತನೆಯ ಹಾಸಿನ ಮೇಲೆ, ಜಮಖಾನದ ಮೇಲಲ್ಲ.

ಲಾಗ ಬಲ್ಲವರು ಕಡಮೆಯಿರುವ ತಂಡಕ್ಕೆ ಅಲ್ಲಿ ಸಂಯೋಜನೆ ಮಾಡುವವರ ಉಪಾಯವನ್ನು ನಾಚಿಕೆಯಿಲ್ಲದೆ ಎರವಲು ಪಡೆದೆ. ಲಾಗ ಹಾಕುವವರನ್ನು ಎಲ್ಲಿ ನಿಲ್ಲಿಸಬೇಕೆಂದು ಯೋಚಿಸುವುದಕ್ಕಿಂತ, ಆ ಹೊತ್ತಿನಲ್ಲಿ ಉಳಿದವರು ಏನು ಮಾಡುತ್ತಿರಬೇಕೆಂದು ಯೋಚಿಸುವುದೇ ಆ ಉಪಾಯ. ನಮ್ಮಲ್ಲಿ ಬಲ್ಲವರಲ್ಲಿ ಒಬ್ಬ ಕಬಿನಿ ಹೊಳೆಯ ಮರಳಿನಲ್ಲಿ ಕಲಿತವನು, ಇನ್ನೊಬ್ಬಳು ಹೈಸ್ಕೂಲಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿತವಳು. ಎಂಟು ನಿಮಿಷದ ಕುಣಿತದಲ್ಲಿ ಇಬ್ಬರಿಗೂ ಎರಡೇ ಸಲ ಅವಕಾಶ. ಮೂರನೆಯ ನಿಮಿಷದಲ್ಲಿ, ದಣಿವು ಹತ್ತುವ ಮುಂಚೆ, ಎಂಟು ಮಂದಿ ಎರಡು ಸಾಲಾಗಿ ಒಡೆದು ಮಂಡಿಯೂರುತ್ತಾರೆ, ನಡುವೆ ಓಣಿಯಾಗುತ್ತದೆ. ಎಂಟು ಕಂಸಾಳೆಗಳೂ ತಲೆಯ ಮಟ್ಟದಲ್ಲಿ ಬೀಸುತ್ತಿರುವಾಗ ಆ ಓಣಿಯಲ್ಲಿ ಹಿಂದಿನಿಂದ ಮುಂದಕ್ಕೆ ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಮಗುಚಿ ಬರುತ್ತಾರೆ. ಸುತ್ತಲಿನವರು ತಗ್ಗಿರುವುದರಿಂದ ಹಾರಿದವರು ಇದ್ದದ್ದಕ್ಕಿಂತ ಎತ್ತರ ಕಾಣುತ್ತಾರೆ. ತಾಳವೂ ನಿಲ್ಲುವುದಿಲ್ಲ. ಎರಡನೆಯ ಸಲ ಆರನೆಯ ನಿಮಿಷದಲ್ಲಿ, ಕರ್ಣರೇಖೆಯಲ್ಲಿ ಒಬ್ಬರನ್ನೊಬ್ಬರು ದಾಟುವಂತೆ. ಮಿಕ್ಕೆಲ್ಲ ಕಡೆ ಕೂತು, ಮಲಗಿ, ಮಂಡಿಯೂರಿ, ವೃತ್ತ ಕಟ್ಟಿ, ಒಬ್ಬನ ಏಟು ಇನ್ನೊಬ್ಬನಿಗೆ ಅಲೆಯಂತೆ ಹರಿಯುವಂತೆ ಹೊಂದಿಸಿದೆ. ಈ ಅಲೆಯೊಂದಕ್ಕೇ ಹದಿನೈದು ದಿನ ಹಿಡಿಯಿತು. ಬೀಸಿದ ಕಂಚು ಹಣೆಗೆ ತಾಗಿ ಮೂವರಿಗೆ ಬೋರೆ ಎದ್ದಿತು. ಲಾಗಕ್ಕಿಂತ ಇದು ಸುಲಭವೆಂದು ತಿಳಿದವರು ಒಂದು ಸಲ ಕೈಯಲ್ಲಿ ಹಿಡಿದು ನೋಡಬಹುದು.

ಸೋತದ್ದು ಸುಳ್ಳಲ್ಲ. ಮೊದಲ ಬಹುಮಾನ ಪಡೆದ ತಂಡದ ಹತ್ತೂ ಮಂದಿಗೆ ಲಾಗ ಬರುತ್ತಿತ್ತು. ಅವರ ತಾಳವೂ ಕೂಡುತ್ತಿತ್ತು. ಅವರಿಗೆ ವರ್ಷವೆಲ್ಲ ಗುರುವೊಬ್ಬರು ಕಲಿಸಿದ್ದರಂತೆ. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನಮ್ಮ ಕಡೆ ಆರನೆಯ ನಿಮಿಷದಲ್ಲಿ ಎಡಸಾಲು ಡೊಂಕಾಯಿತು, ಓಣಿ ಕಿರಿದಾಗಿ ಹುಡುಗಿ ಒಂದು ಕ್ಷಣ ತಡೆದು ಹಾರಬೇಕಾಯಿತು. ಅದು ನನ್ನ ಲೆಕ್ಕದ ತಪ್ಪು: ಅಭ್ಯಾಸ ಮಾಡಿದ ಜಾಗಕ್ಕಿಂತ ವೇದಿಕೆ ಅಗಲದಲ್ಲಿ ಕಡಮೆಯಿತ್ತು, ಮುಂಚೆಯೇ ಅಳೆದು ನೋಡಿರಲಿಲ್ಲ. ಇಂಥ ತಪ್ಪಿಗೆ ಬೈಯುವವರಿದ್ದರೆ ಬೈಸಿಕೊಳ್ಳುತ್ತೇನೆ. ಎಂಟು ಮಂದಿಯನ್ನು ಮಗುಚಿಸಲಿಲ್ಲವೆಂದು ಬೈದರೆ ಮಾತ್ರ ಒಪ್ಪಲಾರೆ.

ಮುಂದಿನ ವರ್ಷ ನಾನಿರುವುದಿಲ್ಲ. ಲಾಗವೇ ಬೇಕೆನ್ನುವ ಹಿರಿಯರಲ್ಲಿ ಒಂದು ಬಿನ್ನಹ: ಕ್ರೀಡಾಕೋಣೆಯಲ್ಲಿ ಬೀಗ ಹಾಕಿಟ್ಟಿರುವ ಎರಡು ಮೆತ್ತೆಗಳನ್ನು ಜೂನ್ ತಿಂಗಳಲ್ಲೇ ಹೊರಗೆ ತೆಗೆಸಿಕೊಡಿ. ಕಲಿಸಬಲ್ಲವರೊಬ್ಬರನ್ನು ವಾರಕ್ಕೆರಡು ದಿನವಾದರೂ ಕರೆಸಿ. ಉರುಳುವುದರಿಂದ ಮೊದಲಾಗಿ ಕಲಿತವರು ಜನವರಿಯ ವೇಳೆಗೆ ತಾವಾಗಿಯೇ ಮಗುಚಿಯಾರು. ಇದ್ಯಾವುದೂ ಆಗದಿದ್ದರೆ ನನ್ನ ಸಂಯೋಜನೆಯ ಪುಸ್ತಕ ಕನ್ನಡ ವಿಭಾಗದ ಬೀರುವಿನಲ್ಲಿದೆ; ಯಾರು ಎಷ್ಟನೆಯ ಏಟಿಗೆ ಎಲ್ಲಿರಬೇಕೆಂದು ಪ್ರತಿ ಪುಟದಲ್ಲೂ ಚಿತ್ರ ಬರೆದಿಟ್ಟಿದ್ದೇನೆ. ಮೊದಲ ವರ್ಷದವರು ಈಗಾಗಲೇ ಎರಡು ಸಲ ಕೇಳಿದ್ದಾರೆ. ಹಿಮ್ಮೇಳದ ಹಾಡುಗಳನ್ನು ಬರೆದುಕೊಟ್ಟವನು ಆ ನನ್ನ ಗೆಳೆಯನೇ. ಈ ಸಲ ಅವನು ಹಿಮ್ಮೇಳದಲ್ಲಿ ಕುಳಿತು ಹಾಡಿದ. ಕಂಸಾಳೆ ಬೀಸುವಷ್ಟು ಅವನ ಮಣಿಕಟ್ಟು ಇನ್ನೂ ತಿರುಗುವುದಿಲ್ಲ.