ಸೂತಕವಿಲ್ಲದವರ ಹೊಣೆ



ಮದುವೆಯ ಮನೆಗೆ ಕರೆಯೋಲೆ ಬಂದರೆ ಹೋಗುವುದು ಲೋಕರೂಢಿ. ಸಾವಿನ ಮನೆಗೆ ಕರೆಯೋಲೆಯಿಲ್ಲ, ಸುದ್ದಿಯೇ ಕರೆ. ನಮ್ಮವರ ಮನೆಯಲ್ಲಿ ಸಾವು ಸಂಭವಿಸಿದಾಗ ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಎಂಬುದು ನಮಗೆ ಬಾಲ್ಯದಿಂದಲೇ ಗೊತ್ತು. ನೆರೆಯ ಮನೆಯ ಆಚಾರ ಬೇರೆಯಾಗಿದ್ದರೆ? ಉದ್ಯೋಗ, ವ್ಯಾಪಾರ, ಸೇವೆಗಳ ನಿಮಿತ್ತ ಕೊಡಗಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಈ ಪ್ರಶ್ನೆ ಎದುರಾಗದೆ ಇರದು. “ನಾವು ಹೋದರೆ ಅವರಿಗೆ ತೊಡಕಾದೀತೇ? ಹೋಗದಿದ್ದರೆ ತಪ್ಪಾದೀತೇ?” ಎಂಬ ಸಂಕೋಚದಲ್ಲಿಯೇ ಹೊತ್ತು ಕಳೆದು, ಕೊನೆಗೆ ಮನೆಯಲ್ಲಿಯೇ ಉಳಿದವರನ್ನು ನಾವು ಕಂಡಿದ್ದೇವೆ.

ಕೊಡವರಲ್ಲಿ ಸಾವಿನ ಸುದ್ದಿಯನ್ನು ಕೋವಿಯೇ ಸಾರುತ್ತದೆ. ಒಂದರ ಹಿಂದೆ ಒಂದಾಗಿ ಎರಡು ಗುಂಡುಗಳ ಸದ್ದು ಕಾಫಿ ತೋಟಗಳನ್ನು ದಾಟಿ ಬಂದರೆ ಊರಿಗೆ ಅರ್ಥವಾಗುತ್ತದೆ. ಹಿಡಿದ ಕೆಲಸವನ್ನು ಬಿಟ್ಟು ಮನೆಮನೆಯಿಂದ ಜನರು ಹೊರಡುತ್ತಾರೆ. ನೆಂಟರಿಗೆ ಸುದ್ದಿ ಮುಟ್ಟಿಸುವವರು ಕೆಲವರು, ಕಟ್ಟಿಗೆ ಕಡಿಯುವವರು ಕೆಲವರು. ಇದು ಉಪಕಾರವಲ್ಲ, ಊರಿನ ಕಟ್ಟು. ಒಕ್ಕದ ಹಿರಿಯರು ಮುಂದೆ ನಿಂತು ಕಾರ್ಯ ನಡೆಸುತ್ತಾರೆ. ಹನ್ನೊಂದನೆಯ ದಿನದ ‘ಮಾದ’ದವರೆಗೆ ಮನೆಯವರು ಮಾಂಸಾಹಾರವನ್ನು ತ್ಯಜಿಸುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಹಬ್ಬದ ಹಾಡು, ಮದುವೆಯ ಹಾಡುಗಳೊಡನೆ ಸಾವಿನ ಹಾಡುಗಳಿಗೂ ಎಡೆ ದೊರೆತಿದೆ. ಅಗಲಿದವರನ್ನು ಹಾಡಿ ಕಳುಹಿಸುವ ಜನ ಅವರು.

ನಮ್ಮ ಆಚಾರ ಬೇರೆ. ಲಿಂಗೈಕ್ಯರಾದವರಿಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ, ಕುಳಿತ ಭಂಗಿಯಲ್ಲಿ ನೆಲದ ಮಡಿಲಿಗೆ ಒಪ್ಪಿಸುತ್ತೇವೆ. ಅವರು ಚಿತೆಗೆ ಒಪ್ಪಿಸುತ್ತಾರೆ. ಅವರಿಗೆ ಸಾವಿನ ಸೂತಕವುಂಟು; ಲಿಂಗಧಾರಿಗಳಿಗೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳಿಲ್ಲವೆಂಬುದು ಶರಣರು ಹಾಕಿಕೊಟ್ಟ ನೆಲೆ.

ಈ ನೆಲೆಯನ್ನು ಕುರಿತು ನಾವು ಸ್ವಲ್ಪ ಆಲೋಚಿಸಬೇಕು. ಸೂತಕವಿಲ್ಲವೆಂಬ ಮಾತನ್ನು ನಾವು ಬಹುಮಟ್ಟಿಗೆ ಒಂದು ಹೆಚ್ಚುಗಾರಿಕೆಯೆಂಬಂತೆ ಆಡುತ್ತೇವೆ. ಅದು ಹೆಚ್ಚುಗಾರಿಕೆಯಲ್ಲ, ಹೊಣೆ. ಮೈಲಿಗೆಯೆಂದು ನಂಬಿದವನು ಸಾವಿನ ಮನೆಯಿಂದ ದೂರ ನಿಂತರೆ ಅವನಿಗೆ ಅವನ ನಂಬಿಕೆಯ ಕಾರಣವಾದರೂ ಉಂಟು. ಹೆಣದಿಂದ ಮೈಲಿಗೆಯಿಲ್ಲವೆಂದು ಹೇಳುವ ನಮಗೆ ಬೇಲಿಯಾಚೆ ನಿಲ್ಲಲು ಯಾವ ಕಾರಣವಿದೆ? ಮರಣಸೂತಕವನ್ನು ಬಿಟ್ಟೂ ಜಾತಿಸೂತಕವನ್ನು ಉಳಿಸಿಕೊಂಡರೆ ಐದರಲ್ಲಿ ಒಂದನ್ನು ಮಾತ್ರ ಬಿಟ್ಟಂತಾಯಿತು. ಇನ್ನೊಂದು ಮಾತು: ನಮಗೆ ಸೂತಕವಿಲ್ಲವೆಂಬ ತತ್ತ್ವವನ್ನು ದುಃಖದ ಮನೆಯ ಅಂಗಳದಲ್ಲಿ ಬೋಧಿಸುವುದು ಸಲ್ಲದು. ಅಲ್ಲಿ ಅವರ ಆಚಾರವೇ ಆಚಾರ.

ಕೊಡಗಿನ ನೆಲಕ್ಕೆ ಈ ಸಹವಾಸ ಹೊಸದಲ್ಲ. 1834ರವರೆಗೆ ಎರಡು ಶತಮಾನಗಳಿಗೂ ಮಿಕ್ಕಿ ಆ ನಾಡನ್ನಾಳಿದ ಹಾಲೇರಿ ಅರಸರು ಲಿಂಗವಂತರು. ಪ್ರಜೆಗಳಲ್ಲಿ ಬಹುಮಂದಿ ಬೇರೆ ಆಚಾರದವರು. ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡವೀರರಾಜೇಂದ್ರನೂ 1820ರಲ್ಲಿ ತೀರಿಕೊಂಡ ಲಿಂಗರಾಜೇಂದ್ರನೂ ವಿಶ್ರಮಿಸಿರುವುದು ಇಸ್ಲಾಮೀ ಶೈಲಿಯ ಗುಮ್ಮಟಗಳ ಕೆಳಗೆ. ಆ ವಂಶದ ಕೊನೆಯ ಅರಸು ಚಿಕ್ಕವೀರರಾಜೇಂದ್ರನು 1859ರಲ್ಲಿ ಲಂಡನ್ನಿನಲ್ಲಿ ಕಣ್ಣು ಮುಚ್ಚಿದನು. ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ್ದ ಅವನ ಮಗಳು ಗೌರಮ್ಮ 1864ರಲ್ಲಿ ತೀರಿಕೊಂಡು ಅದೇ ನಗರದ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣಾದಳು. ಅರಮನೆಯಲ್ಲಿ ಹುಟ್ಟಿದವರಿಗೂ ಕೊನೆಗೆ ಪರದೇಶದ ಮಣ್ಣು, ಪರರ ಹೆಗಲು ಬೇಕಾಯಿತು. ನಮ್ಮ ಮಕ್ಕಳು ಇಂದು ಎಲ್ಲೆಲ್ಲಿ ನೆಲೆಸಿದ್ದಾರೆಂಬುದನ್ನು ನೆನೆದರೆ ಈ ಮಾತು ಪ್ರತಿ ಮನೆಗೂ ಸಲ್ಲುತ್ತದೆ.

ಸೇವೆಗೆಂದು ಪರಸ್ಥಳಕ್ಕೆ ಹೋಗುವವರಿಗೆ ಇದರಲ್ಲಿ ಬೇರೊಂದು ಪಾಠವಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆಯ ಗುಡ್ಡಗಳು ಕುಸಿದಾಗ ಅನೇಕ ಜಿಲ್ಲೆಗಳ ಜನರು ಅಕ್ಕಿ, ಹೊದಿಕೆ, ಔಷಧಗಳೊಡನೆ ಕೊಡಗಿಗೆ ಧಾವಿಸಿದರು. ಕೊಡುವ ಕೈಗೆ ಅಭ್ಯಾಸವಾದವನು ಸಾವಿನ ಮನೆಯಲ್ಲಿ ತಬ್ಬಿಬ್ಬಾಗುತ್ತಾನೆ. ಅಲ್ಲಿ ಕೊಡಲು ಏನೂ ಇಲ್ಲ. ಸುಮ್ಮನೆ ನಿಲ್ಲಬೇಕು, ಹೇಳಿದ ಕೆಲಸ ಮಾಡಬೇಕು. ಆಫ್ರಿಕಾದ ಘಾನಾ ದೇಶದ ಅಕಾನ್ ಜನರಲ್ಲಿ ಶವಸಂಸ್ಕಾರಕ್ಕೆ ಊರಿಗೆ ಊರೇ ಕಪ್ಪು, ಕೆಂಪು ಉಡುಪು ಧರಿಸಿ ನೆರೆಯುವುದುಂಟು. ಅಲ್ಲಿ ಸೇವೆಗೆ ಹೋದ ಪರದೇಶಿಯೂ ಆ ಬಣ್ಣವನ್ನು ಉಟ್ಟು ಸಾಲಿನಲ್ಲಿ ಕುಳಿತ ದಿನ ದಾನಿಯಾಗಿ ಉಳಿಯುವುದಿಲ್ಲ, ನೆರೆಯವನಾಗುತ್ತಾನೆ. ದಾಸೋಹವೆಂಬ ಮಾತಿನೊಳಗೆ ‘ದಾಸ’ನಿದ್ದಾನೆ, ‘ದಾನಿ’ಯಿಲ್ಲ ಎಂಬುದನ್ನು ಮರೆಯಬಾರದು.

ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೇ. ಸುದ್ದಿ ತಿಳಿದೊಡನೆ ಹೊರಡಿರಿ. ಆಡಂಬರವಿಲ್ಲದ ಬಿಳಿಯ ಉಡುಪಿರಲಿ. ಹಿರಿಯರೊಬ್ಬರನ್ನು ಮೆಲ್ಲನೆ ಕೇಳಿ, ಅವರು ತೋರಿಸಿದಲ್ಲಿ ನಿಲ್ಲಿರಿ. ಸಾವಿನ ಕಾರಣವನ್ನು ಕೆದಕದಿರಿ. ಮೊಬೈಲಿನಲ್ಲಿ ಚಿತ್ರ ತೆಗೆಯದಿರಿ. ಕೊರಳ ಲಿಂಗವನ್ನು ಮರೆಮಾಚುವ ಅಗತ್ಯವೂ ಇಲ್ಲ, ಮೆರೆಸುವ ಅಗತ್ಯವೂ ಇಲ್ಲ. ಮಕ್ಕಳನ್ನೂ ಕರೆದೊಯ್ಯಿರಿ, ನೆರೆಯವರ ಕಣ್ಣೀರು ನಮ್ಮ ಕಣ್ಣೀರಿನಂತೆಯೇ ಇದೆಯೆಂಬುದನ್ನು ಪುಸ್ತಕದಿಂದ ಕಲಿಯಲಾಗದು. ಮಾದದ ದಿನವೂ ಮತ್ತೊಮ್ಮೆ ಹೋಗಿ ಬನ್ನಿರಿ. ಮೊದಲ ದಿನ ಜನರು ಕಿಕ್ಕಿರಿದಿರುತ್ತಾರೆ. ಆ ಬಳಿಕ ಬಂದವರ ಮುಖವೇ ಮನೆಯವರ ನೆನಪಿನಲ್ಲಿ ಉಳಿಯುತ್ತದೆ.

ಹೂಳುವುದು, ಸುಡುವುದು ಆಯಾ ಜನರ ಹಿರಿಯರು ಹಾಕಿದ ದಾರಿ. ಹೊತ್ತು ಸಾಗಿಸುವ ಹೆಗಲಿಗೆ ಮಾತ್ರ ಎಲ್ಲೆಡೆಯೂ ಭಾರ ಒಂದೇ.