ಸೋಮವಾರದೊಳಗೆ ನೋಡಿ, ನೋಡಿದ್ದನ್ನು ನಾಲ್ಕು ಜನಕ್ಕೆ ಹೇಳಿ

ಕನ್ನಡದಲ್ಲಿ ಈಚೆಗೆ ವರ್ಷಕ್ಕೆ 200ಕ್ಕೂ ಹೆಚ್ಚು ಚಿತ್ರಗಳು ತೆರೆ ಕಾಣುತ್ತಿವೆ. ವಾರಕ್ಕೆ ನಾಲ್ಕಾದರೂ ಆಯಿತು. ಕೆಲವು ಶುಕ್ರವಾರ ಏಳೆಂಟು ಚಿತ್ರಗಳು ಒಟ್ಟಿಗೇ ಬಂದು ಬೀಳುವುದುಂಟು. ಇವುಗಳಲ್ಲಿ ದೊಡ್ಡ ನಟರ ಚಿತ್ರಗಳು ಬೆರಳೆಣಿಕೆಯಷ್ಟು. ಮಿಕ್ಕವುಗಳ ಹಣೆಬರಹ ತೀರ್ಮಾನವಾಗುವುದು ಶುಕ್ರವಾರದ ಬೆಳಗಿನ ಷೋದಿಂದ ಸೋಮವಾರ ಸಂಜೆಯೊಳಗೆ. ಆ ನಾಲ್ಕು ದಿನ ಎಷ್ಟು ಜನ ಬಂದರು, ಬಂದವರು ಮನೆಗೆ, ಆಫೀಸಿಗೆ, ಕಾಲೇಜಿಗೆ ಹೋಗಿ ಏನು ಹೇಳಿದರು ಎಂಬುದನ್ನು ನೋಡಿಯೇ ಮುಂದಿನ ವಾರ ಚಿತ್ರಕ್ಕೆ ಪರದೆ ಕೊಡುವುದೋ ಬೇಡವೋ ಎಂದು ಥಿಯೇಟರಿನವರು ಯೋಚಿಸುತ್ತಾರೆ.

ಇದರ ಹಿಂದೆ ಸರಳವಾದ ಲೆಕ್ಕವಿದೆ. ಮಲ್ಟಿಪ್ಲೆಕ್ಸಿನಲ್ಲಿ ಟಿಕೆಟ್ಟಿನ ಹಣ ಪರ್ಸೆಂಟೇಜ್ ಮೇಲೆ ಹಂಚಿಕೆಯಾಗುತ್ತದೆ. ವಾರ ಕಳೆದಂತೆ ವಿತರಕರ ಪಾಲು ಇಳಿದು ಥಿಯೇಟರಿನ ಪಾಲು ಏರುತ್ತದೆ. ಒಂಟಿ ಪರದೆಯ ಥಿಯೇಟರುಗಳಲ್ಲಿ ವಾರದ ಬಾಡಿಗೆ ಕಟ್ಟುವ ಪದ್ಧತಿಯೂ ಉಳಿದಿದೆ. ಜನ ಬರಲಿ ಬಿಡಲಿ, ಬಾಡಿಗೆ ತಪ್ಪದು. ಹೀಗಾಗಿ ನಿರ್ಮಾಪಕರ ಕೈಗೆ ನಾಲ್ಕು ಕಾಸು ಸೇರಬೇಕಾದರೆ ಅದು ಮೊದಲ ವಾರವೇ ಆಗಬೇಕು. ಹೊಸಬರ ಚಿತ್ರಕ್ಕೆ ಸಾಮಾನ್ಯವಾಗಿ ಸಿಗುವುದು ಬೆಳಿಗ್ಗೆ ಹತ್ತರ ಷೋ, ಇಲ್ಲವೇ ಮಟಮಟ ಮಧ್ಯಾಹ್ನದ್ದು. ಬುಕಿಂಗ್ ಆಪ್ ತೆರೆದರೆ ಹಾಲಿಗೆ ಹಾಲೇ ಖಾಲಿ, ಹಿಂದಿನ ಸಾಲಿನಲ್ಲಿ ನಾಲ್ಕು ಸೀಟು ಮಾತ್ರ ಬುಕ್ ಆಗಿರುತ್ತವೆ. ಭಾನುವಾರ ಮೂರು ಷೋ ಇದ್ದದ್ದು ಮಂಗಳವಾರ ಒಂದಕ್ಕೆ ಇಳಿಯುತ್ತದೆ, ಗುರುವಾರ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ‘ಚೆನ್ನಾಗಿದೆಯಂತೆ, ಹೋಗೋಣ’ ಎಂದು ಮನೆಮಂದಿ ಹೊರಡುವ ಹೊತ್ತಿಗೆ ಚಿತ್ರವೇ ಇಲ್ಲ.

ಬಾಯಿಮಾತು ಸಮಯಕ್ಕೆ ಸರಿಯಾಗಿ ಹರಡಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಂ ಸೋ’ ಸಾಕ್ಷಿ. ಜೆ.ಪಿ. ತೂಮಿನಾಡು ನಿರ್ದೇಶನದ ಮೊದಲ ಚಿತ್ರ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರು. ಹೆಸರಾಂತ ನಾಯಕನಿಲ್ಲ, ಹೊಡೆದಾಟದ ಅಬ್ಬರವಿಲ್ಲ. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಪ್ರೀಮಿಯರ್ ಷೋ ಇಟ್ಟು, ನೋಡಿದವರ ಮಾತಿಗೇ ಚಿತ್ರವನ್ನು ಒಪ್ಪಿಸಿದರು. ಶುಕ್ರವಾರ ಕಡಿಮೆ ಇದ್ದ ಷೋಗಳು ಶನಿವಾರ, ಭಾನುವಾರ ಏರುತ್ತಾ ಹೋದವು. ಒಟ್ಟು ಗಳಿಕೆ ನೂರು ಕೋಟಿ ದಾಟಿದ್ದಾಗಿ ವರದಿಗಳು ಬಂದವು. ಸಿಕ್ಕಿಬಿದ್ದ ಅವಮಾನ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುವ ಹುಡುಗ, ಅದನ್ನು ನಂಬಿ ಬೆಚ್ಚುವ ಕರಾವಳಿಯ ಹಳ್ಳಿ, ಊರಿನ ಎಲ್ಲ ತಾಪತ್ರಯಕ್ಕೂ ಮುಂದೆ ನಿಲ್ಲುವ ರವಿಯಣ್ಣ: ಇಷ್ಟೇ ಬಂಡವಾಳ. ಕೊನೆಯಲ್ಲಿ ಬರುವ ಗಂಭೀರ ತಿರುವು ತುಸು ಅವಸರದ್ದೇ. ಆದರೂ ಹಾಲ್ ತುಂಬಾ ಜನ ಒಟ್ಟಿಗೆ ಕೂತು ನಗುವ ಸುಖವನ್ನು ಕನ್ನಡ ಪ್ರೇಕ್ಷಕರಿಗೆ ಬಹಳ ದಿನಗಳ ಮೇಲೆ ಕೊಟ್ಟದ್ದು ಈ ಚಿತ್ರ.

ಅದೇ ವರ್ಷ ಮಾರ್ಚ್ 7ರಂದು ಬಂದ ‘ಮಿಥ್ಯ’ದ ಕಥೆ ಬೇರೆ. ‘ಸು ಫ್ರಂ ಸೋ’ದಲ್ಲಿ ಜನರನ್ನು ನಗಿಸಿದ ಪ್ರಕಾಶ್ ತೂಮಿನಾಡು ಇಲ್ಲೂ ಇದ್ದಾರೆ. ತಂದೆತಾಯಿಯನ್ನು ಕಳೆದುಕೊಂಡು ಮುಂಬಯಿಯಿಂದ ಉಡುಪಿಗೆ ಬಂದ ಹನ್ನೊಂದರ ಹುಡುಗನನ್ನು ಮನೆಗೆ ಸೇರಿಸಿಕೊಳ್ಳುವ ಚಿಕ್ಕಪ್ಪನಂಥ ಪಾತ್ರ ಅವರದು. ಸುಮಂತ್ ಭಟ್ ನಿರ್ದೇಶನದ ಈ ಚಿತ್ರದಲ್ಲಿ ಯಾರೂ ಜೋರಾಗಿ ಅಳುವುದಿಲ್ಲ. ಹುಡುಗನ ದುಃಖ ಅವನ ಸಿಟ್ಟಿನಲ್ಲಿ, ಮೌನದಲ್ಲಿ ಕಾಣುತ್ತದೆ. ಮಕ್ಕಳ ಮನಸ್ಸನ್ನು ಇಷ್ಟು ಹತ್ತಿರದಿಂದ ನೋಡಿದ ಕನ್ನಡ ಚಿತ್ರಗಳು ಕಡಿಮೆ. ಜುಲೈಯಲ್ಲಿ ಪ್ರಕಾಶ್ ಅವರಿಗೆ ಶಿಳ್ಳೆ ಹೊಡೆದವರಲ್ಲಿ ಮಾರ್ಚಿನಲ್ಲಿ ಅವರನ್ನು ಕಂಡವರು ಎಷ್ಟೋ ಕಡಿಮೆ.

ತಡವಾಗಿ ಒಲಿಯುವುದು ಕನ್ನಡ ಪ್ರೇಕ್ಷಕರ ಹಳೆಯ ಅಭ್ಯಾಸ. ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ 2014ರ ಮಾರ್ಚಿನಲ್ಲಿ ಬಂದಾಗ ಥಿಯೇಟರುಗಳಲ್ಲಿ ಹೆಚ್ಚು ನಿಲ್ಲಲಿಲ್ಲ. ಮಲ್ಪೆಯ ಕಡಲು, ಅಷ್ಟಮಿಯ ಹುಲಿವೇಷ, ಒಂದೇ ಘಟನೆಯನ್ನು ಬೇರೆಬೇರೆಯವರು ಕಾಣುವ ಬಗೆ ಇವೆಲ್ಲ ಮೆಚ್ಚುಗೆ ಪಡೆದದ್ದು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ. ಅದರ ರಿಚ್ಚಿ ಎಂಬ ಪಾತ್ರದ ಹಿಂದುಮುಂದಿನ ಕಥೆಯೆಂದು 2021ರಲ್ಲಿ ಘೋಷಣೆಯಾದ ‘ರಿಚರ್ಡ್ ಆಂಟನಿ’ಗಾಗಿ ಈಗ ಕಾಯುವವರು ಸಾವಿರಾರು ಜನ. ರಂಗಾಯಣ ರಘು ಅವರ ‘ಶಾಖಾಹಾರಿ’ (2024) ಕೂಡ ಓಟಿಟಿಗೆ ಬಂದ ಮೇಲೆ ಹೆಚ್ಚು ಮಾತಾಯಿತು. ಮಲೆನಾಡಿನ ಸಣ್ಣ ಹೋಟೆಲ್ಲಿನ ಅಡುಗೆಭಟ್ಟ ಸುಬ್ಬಣ್ಣನಾಗಿ, ಅಡಗಿಕೊಳ್ಳಲು ಬಂದ ಯುವಕನಿಂದ ತನ್ನ ಬದುಕೇ ತಲೆಕೆಳಗಾಗುವುದನ್ನು ಅವರು ಹೆಚ್ಚು ಮಾತಿಲ್ಲದೆ ಮುಖದಲ್ಲೇ ತೋರಿಸಿದ್ದಾರೆ. ಅವರದೇ ‘ಅಜ್ಞಾತವಾಸಿ’ (2025) ಇನ್ನೂ ನಿಧಾನದ ಚಿತ್ರ. ಅದರ ಮಂಜು, ಮಳೆ, ಮೌನಕ್ಕೆ ಥಿಯೇಟರಿನ ಕತ್ತಲೆಯೇ ಬೇಕು. ಮೊಬೈಲಿನಲ್ಲಿ ನೋಡಿ ‘ಸ್ಲೋ ಇದೆ’ ಎನ್ನುವುದು ಅದಕ್ಕೆ ಮಾಡುವ ಅನ್ಯಾಯ. ಇನ್ನು ಕೊಪ್ಪಳದ ಹಳ್ಳಿಯಲ್ಲಿ ಅಲ್ಲಿನ ಜನರನ್ನೇ ಇಟ್ಟುಕೊಂಡು ಜೈಶಂಕರ್ ಆರ್ಯರ್ ಮಾಡಿದ ‘ಶಿವಮ್ಮ’ 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಸ್ವಂತ ನಾಡಿನ ಥಿಯೇಟರಿಗೆ ಬಂದದ್ದು 2024ರ ಜೂನ್‌ನಲ್ಲಿ.

‘ಓಟಿಟಿಗೆ ಬರಲಿ, ಆಮೇಲೆ ನೋಡೋಣ’ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಆದರೆ ಓಟಿಟಿಗಳು ಸಣ್ಣ ಕನ್ನಡ ಚಿತ್ರವನ್ನು ಕೊಳ್ಳುವ ಮುಂಚೆ ಥಿಯೇಟರಿನಲ್ಲಿ ಅದು ಹೇಗೆ ಹೋಯಿತು ಎಂದು ನೋಡುತ್ತವೆ. ಅಲ್ಲಿ ಜನವಿಲ್ಲದಿದ್ದರೆ ಇಲ್ಲಿ ಬೆಲೆಯಿಲ್ಲ. ಥಿಯೇಟರಿಗೆ ಬಾರದ ವೆಬ್ ಸರಣಿಗೂ ಓಟಿಟಿ ಸುಲಭವಾಗಿ ಒಲಿಯದು. ಸುಮಂತ್ ಭಟ್ ಅವರೂ ಸೇರಿ ರೂಪಿಸಿದ, ರಕ್ಷಿತ್ ಶೆಟ್ಟಿ ಬೆಂಬಲಕ್ಕಿದ್ದ ‘ಏಕಂ’ ಸರಣಿಗೆ ಯಾವ ಓಟಿಟಿಯೂ ಸಿಗದೆ, 2024ರಲ್ಲಿ ಅದನ್ನು ಸ್ವಂತ ವೆಬ್‌ಸೈಟಿನಲ್ಲೇ ಬಿಡುಗಡೆ ಮಾಡಬೇಕಾಯಿತು.

ಟಿಕೆಟ್ ದರದ ದೂರು ನ್ಯಾಯವಾದದ್ದೇ. ನಾಲ್ಕು ಜನರ ಸಂಸಾರ ಮಲ್ಟಿಪ್ಲೆಕ್ಸಿಗೆ ಹೋಗಿ, ಪಾಪ್‌ಕಾರ್ನ್ ಕೊಂಡು ಬಂದರೆ ವಾರದ ದಿನಸಿಯ ದುಡ್ಡು ಖರ್ಚಾಗಿರುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆ ತಿಂಗಳ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಇದರ ಲಾಭ ಹೆಚ್ಚಾಗಿ ಸಿಗುವುದು ಊರಿನ ಒಂಟಿ ಪರದೆಯ ಥಿಯೇಟರಿನಲ್ಲಿ. ಹೊಸಬರ ಚಿತ್ರ ಅಲ್ಲಿ ಬಂದಿದ್ದರೆ ಅಲ್ಲಿಯೇ ನೋಡುವುದರಿಂದ ಜೇಬಿಗೂ ಹಗುರ, ಥಿಯೇಟರಿಗೂ ಜೀವ.

ನೋಡಿದ ಮೇಲೆ ಹೇಳುವ ಮಾತೂ ಟಿಕೆಟ್ಟಿನಷ್ಟೇ ಮುಖ್ಯ. ಥಿಯೇಟರಿನ ಬಾಗಿಲಲ್ಲಿ ಮೈಕ್ ಹಿಡಿದವರಿಗೆ ‘ಸೂಪರ್’ ಎಂದು ಕೂಗಿ ಹೋಗುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ದೃಶ್ಯ ಮನಸ್ಸಿಗೆ ನಾಟಿತು, ಎಲ್ಲಿ ಎಳೆದಂತಾಯಿತು, ಮಕ್ಕಳನ್ನು ಕರೆದೊಯ್ಯಬಹುದೇ, ಇಷ್ಟು ಹೇಳಿದರೆ ಕೇಳಿದವರು ಹೊರಡುತ್ತಾರೆ. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೇ ಹೇಳಬೇಕು. ಕನ್ನಡ ಚಿತ್ರವೆಂಬ ಒಂದೇ ಕಾರಣಕ್ಕೆ ಹೊಗಳಿದರೆ ಮುಂದಿನ ಸಲ ಆ ಮಾತನ್ನು ಯಾರೂ ನಂಬುವುದಿಲ್ಲ. ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬನ ಚಿತ್ರವನ್ನು ನೋಡದೆಯೇ ಬೈಯುವುದಂತೂ ಇಡೀ ಚಿತ್ರರಂಗಕ್ಕೆ ಬಡಿಯುವ ಪೆಟ್ಟು. ಕ್ಲೈಮ್ಯಾಕ್ಸನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಸ್ಟೇಟಸ್ಸಿಗೆ ಹಾಕುವುದು ಕಾನೂನಿನ ಪ್ರಕಾರ ಅಪರಾಧ, ವರ್ಷಗಟ್ಟಲೆ ದುಡಿದವರ ಹೊಟ್ಟೆಯ ಮೇಲೆ ಹೊಡೆಯುವ ಕೆಲಸ.

‘ಕಾಂತಾರ’, ‘ಟಾಕ್ಸಿಕ್’ನಂಥ ಚಿತ್ರಗಳಿಗೆ ಪರದೆ ಸಿಗುವುದು ಖಾತ್ರಿ, ಅವನ್ನು ನೋಡಿ ಎಂದು ಯಾರೂ ಕೇಳಿಕೊಳ್ಳಬೇಕಿಲ್ಲ. ಹೆಸರು ಕೇಳಿರದ ನಿರ್ದೇಶಕರ, ಬೆಳಗಿನ ಒಂದೇ ಷೋ ಸಿಕ್ಕ ಚಿತ್ರದ ಪರವಾಗಿ ಈ ಮನವಿ. ತಿಂಗಳಿಗೊಂದು ಅಂಥ ಚಿತ್ರವನ್ನು ಆರಿಸಿಕೊಳ್ಳಿ. ಟ್ರೇಲರ್ ನೋಡಿ ಮನಸ್ಸಾದರೆ ಸೋಮವಾರದೊಳಗೆ ಟಿಕೆಟ್ ತೆಗೆದು, ಮನೆಯವರನ್ನೋ ಗೆಳೆಯರನ್ನೋ ಕರೆದುಕೊಂಡು ಹೋಗಿ. ನೋಡಿ ಬಂದ ರಾತ್ರಿಯೇ, ಹೇಗಿತ್ತೆಂದು ನಾಲ್ಕು ಜನಕ್ಕೆ ಹೇಳಿ.